ಮಣ್ಣಿನಡಿಗೆ ಒಂದೇ ಸಲ

ಕೆಂಪು ಬಿತ್ತು, ಯಾರಿಗೆ ಬಿತ್ತೋ, ನಮಗಂತೂ ಅಲ್ಲ, ನಮಗೆ ಕೆಂಪೂ ಇಲ್ಲ ಹಸಿರೂ ಇಲ್ಲ, ನಡೆಯುವವರ ದೀಪವನ್ನೇ ಕಿತ್ತುಕೊಂಡು ಹೋಗಿದ್ದಾರೆ, ಕಂಬದಲ್ಲಿ ಮೊಳೆಯ ತೂತು ಮಾತ್ರ ಉಳಿದಿದೆ — ಶೋಕಿರ್ ಆ ತೂತನ್ನೇ ದಿಟ್ಟಿಸುತ್ತ ತಾಬೂತಿನ ಕೋಲನ್ನು ಹೆಗಲ ಮೇಲೆ ಸರಿಸಿಕೊಂಡ, ಕತ್ತಿನ ಬುಡದಲ್ಲಿ ಚರ್ಮ ಸುಲಿದು ಉರಿಯುತ್ತಿತ್ತು, ಉರಿಯಲಿ, ಮೇಲೆ ಬಿಳಿಬಟ್ಟೆ ಸುತ್ತಿಕೊಂಡು ಮಲಗಿರುವುದು ದಾದಾ, ಅವನಪ್ಪ, ಮರ್ಗಿಲಾನಿನ ರೇಷ್ಮೆ ನೇಕಾರ ತೊಲಿಬ್, ಮಗ್ಗ ತುಳಿದು ತುಳಿದು ಮೊಣಕಾಲು ಸವೆಸಿಕೊಂಡವನು, ಬೆಳಿಗ್ಗೆ ಹೋದ, ಮಧ್ಯಾಹ್ನದ ನಮಾಜು ಮುಗಿದದ್ದೇ ಹೊತ್ತು ತಂದರು, ಮಸೀದಿಯಿಂದ ಇಲ್ಲಿಯವರೆಗೆ ಓಡುನಡಿಗೆ, ಸತ್ತವನನ್ನು ಕಾಯಿಸಬಾರದು, ದಾರಿಯಲ್ಲಿ ನೆಲಕ್ಕೆ ಇಳಿಸಬಾರದು, ಹುಟ್ಟಿದಾಗಿನಿಂದ ಕೇಳಿದ ಮಾತು, ಈಗ ನೋಡು, ಇಡೀ ಮಹಲ್ಲಾ ಸೊಂಟದೆತ್ತರದ ಕಬ್ಬಿಣದ ಬೇಲಿಯ ಮುಂದೆ ಕುರಿಮಂದೆಯ ಹಾಗೆ ನಿಂತಿದೆ. ಬೇಲಿಯಾಚೆ ಕಾರು, ಕಾರು, ಮತ್ತೆ ಕಾರು, ಎಲ್ಲವೂ ಬಿಳಿ, ಇವರಿಗೆ ಬೇರೆ ಬಣ್ಣ ಗೊತ್ತೇ ಇಲ್ಲವೇ, ಅದರಾಚೆ ಮಮಸೋಲಿ ಮುದುಕನ ಚಹಾದಂಗಡಿ, ಅಂಗಡಿಯ ಬೆನ್ನಿಗೆ ಖಬರಸ್ತಾನದ ಮಣ್ಣುಗೋಡೆ, ಕೂಗಿದರೆ ಕೇಳಿಸುವಷ್ಟು ಹತ್ತಿರ. ಕೆಳಗಿಂದ ಹೋಗೋಣ ಉಕಾ, ತಮ್ಮಾ, ಎನ್ನುತ್ತಿದ್ದಾನೆ ಹಿಂದಿನ ಕೋಲಿಗೆ ಹೆಗಲು ಕೊಟ್ಟಿರುವ ಅಣ್ಣ ಕೋಬಿಲ್, ರಸ್ತೆಯಡಿಯ ಸುರಂಗದ ಮೆಟ್ಟಿಲು ಅಗಲ ಇದೆ, ಲೈಟು ಇದೆ, ಸುಮ್ನೆ ರಂಪ ಯಾಕೆ — ರಂಪ! ಕಾಲುಚೀಲ, ಮೊಬೈಲ್ ಕವರು, ಹಬೆಯಾಡುವ ಸೋಮ್ಸಾ ಮಾರುವವರ ನಡುವೆ ದಾದಾನನ್ನು ಇಳಿಸಿಕೊಂಡು ಹೋಗಬೇಕಂತೆ, ಸ್ವಲ್ಪ ಜಾಗ ಬಿಡಿ ಅಕ್ಕಾ, ಹೆಣ ಬಂತು ಎನ್ನುತ್ತ. ತಲೆ ನೆಟ್ಟಗಿದೆಯೇನೋ ಕೋಬಿಲ್, ಎಂದು ಪಕ್ಕದಲ್ಲಿ ಗದರಿದ ಮಮಸೋಲಿ, ಮನುಷ್ಯ ಮಣ್ಣಿನಡಿ ಇಳಿಯೋದು ಒಂದೇ ಸಲ ಕಣೋ, ಇಳಿಸಿ, ಹತ್ತಿಸಿ, ಮತ್ತೆ ಇಳಿಸ್ತೀಯಾ ಅವನನ್ನ, ತೊಲಿಬ್ ಎದ್ದು ಕೂತು ಕಪಾಳಕ್ಕೆ ಬಿಡ್ತಾನೆ ನಿಂಗೆ. ನೀವೂ ಬೆಳಿಗ್ಗೆ ಅದರಲ್ಲೇ ಬಂದ್ರಲ್ಲ ಅಜ್ಜ, ಎಂದ ಕೋಬಿಲ್. ನಾನು ಬದುಕಿದೀನಲ್ಲೋ ಮೂಢಾ! ಹಿಂದೆ ಯಾರೋ ಮೂಗಿನಲ್ಲೇ ನಕ್ಕರು, ಸಾವಿನ ಮನೆಯಲ್ಲೂ ನಗು ಬರುತ್ತದೆ, ಶೋಕಿರನಿಗೂ ಬಂತು, ಬಂದ ನಗು ಗಂಟಲಲ್ಲೇ ಕಹಿಯಾಯಿತು.

ಯಾಕೆಂದರೆ ಬದುಕಿದ್ದಾಗ ದಾದಾ ಆ ಸುರಂಗ ಇಳಿಯಲಿಲ್ಲ, ಇಳಿಯಲಾಗಲಿಲ್ಲ, ಆ ಮೊಣಕಾಲಿಗೆ ಮೆಟ್ಟಿಲು ಎಲ್ಲಿ ಸಾಧ್ಯ, ಮೊದಲು ಇಲ್ಲಿ ಬಿಳಿಪಟ್ಟೆ ಇತ್ತು, ಎರಡು ಬದಿಗೂ ಹಿಪ್ಪುನೇರಳೆ ಮರ ಇದ್ದವು, ದಾದಾ ಕೋಲೂರಿಕೊಂಡು ನಿಧಾನಕ್ಕೆ ದಾಟಿ ಚಹಾದಂಗಡಿಯ ಹಲಗೆಮಂಚದ ಮೇಲೆ ಕೂರುತ್ತಿದ್ದ, ಮಮಸೋಲಿಯ ಕೈಯ ಹಸಿರು ಚಹಾ, ಗೆಳೆಯರ ಬೈಗುಳ, ಅಷ್ಟೇ ಅವನ ಜಗತ್ತು, ಆಮೇಲೆ ಬಂದ ತಾಷ್ಕೆಂಟಿನ ಇಂಜಿನಿಯರ್ ದಿಲ್ಮುರೋದ್, ಕಪ್ಪು ಕನ್ನಡಕ, ತಣ್ಣನೆ ನೀರಿನ ಬಾಟಲಿ, ಗಾಡಿ ಎಣಿಸೋಕೆ ಹುಡುಗರು ಬೇಕು ಎಂದ, ಶೋಕಿರ್ ಹೋದ, ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಇನ್ನೇನು ಕೆಲಸ, ಕೈಗೆ ಗುಂಡಿಗಳ ಹಲಗೆ ಕೊಟ್ಟರು, ಕಾರಿಗೊಂದು ಗುಂಡಿ, ಬಸ್ಸಿಗೊಂದು, ಲಾರಿಗೊಂದು, ಕತ್ತೆಗಾಡಿಗೂ ಒಂದು, ಒತ್ತುತ್ತಾ ಇರು ತಮ್ಮ, ಎಲ್ಲವನ್ನೂ ಆಮೇಲೆ ಕಾರಿಗೆ ತಿರುಗಿಸ್ತೀವಿ, ಬಸ್ಸು ಅಂದ್ರೆ ಇಷ್ಟು ಕಾರು, ಲಾರಿ ಅಂದ್ರೆ ಇಷ್ಟು ಕಾರು, ಕೂಡಿಸಿದ್ರೆ ಚೌಕ ಎಷ್ಟು ತಾಳುತ್ತೆ ಅಂತ ತಿಳಿಯುತ್ತೆ, ಅದನ್ನೇ ಕೆಪಾಸಿಟಿ ಅನ್ನೋದು. ನಡೆಯೋರಿಗೆ ಗುಂಡಿ ಎಲ್ಲಿ ಸಾರ್? ದಿಲ್ಮುರೋದ್ ನಕ್ಕ, ಬಾಟಲಿಯ ಮುಚ್ಚಳ ತಿರುಗಿಸುತ್ತ ನಕ್ಕ, ನಡೆಯೋನು ಕೂಡೋ ಲೆಕ್ಕಕ್ಕೆ ಬರಲ್ಲ ತಮ್ಮ, ಕಳೆಯೋ ಲೆಕ್ಕಕ್ಕೆ ಬರ್ತಾನೆ, ಅವನು ದಾಟೋವಷ್ಟು ಹೊತ್ತು ಹಸಿರು ವ್ಯರ್ಥ. ವ್ಯರ್ಥ! ಅಂದು ಸಂಜೆ ದಾದಾ ಮಗನ ಕೈಯ ಹಲಗೆ ತಿರುವಿ ಮುರುವಿ ನೋಡಿ, ನಾನು ಎರಡು ಸಲ ದಾಟಿದೆನಲ್ಲೋ, ನನ್ನ ಯಾವುದಕ್ಕೆ ಒತ್ತಿದೆ, ಕತ್ತೆಗಾ? ಎಂದು ಕೇಳಿ ತಾನೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ, ಕತ್ತೆಗೂ ಅಲ್ಲ ದಾದಾ, ಕತ್ತೆಗೆ ಅರ್ಧ ಕಾರಿನ ಮರ್ಯಾದೆ ಇದೆ, ನಿಂಗೆ ಅದೂ ಇಲ್ಲ. ಮರ ಕಡಿದರು, ತಿರುಗುವ ಕಾರಿಗೆ ಬೇರೆ ಸಾಲು ಬೇಕಂತೆ, ಪಟ್ಟೆಯ ಮೇಲೆ ಟಾರು ಬಳಿದರು, ಬೇಲಿ ನೆಟ್ಟರು, ಚೌಕದ ಕೆಪಾಸಿಟಿ ಏರಿತು ಎಂದು ಟೀವಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಇತ್ತ ದಾದಾ ಮನೆಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತ, ಆಚೆಯಿಂದ ಮಮಸೋಲಿ ಚಹಾ ಬಟ್ಟಲು ಎತ್ತಿ ತೋರಿಸುತ್ತಿದ್ದ, ಬಾರೋ ಎಂದು, ಈಚೆಯಿಂದ ದಾದಾ ಖಾಲಿ ಕೈ ಎತ್ತುತ್ತಿದ್ದ, ನಡುವೆ ಕಾರು. ಒಂದು ದಿನ ಬೇಲಿ ಇನ್ನೂ ಮುಚ್ಚದಿದ್ದ ಮೂಲೆಯಲ್ಲಿ ರಸ್ತೆಗೆ ಇಳಿದು ನಿಂತ, ಕೋಲು ಮುಂದೆ ಚಾಚಿದ, ಯಾರಾದರೂ ನಿಲ್ಲಿಸುತ್ತಾರೆಂದು, ಎಷ್ಟು ಹೊತ್ತು ನಿಂತನೋ, ಹಾರ್ನ್, ಹಾರ್ನ್, ಯಾರೋ ಗಾಜು ಇಳಿಸಿ, ಸಾಯೋಕೆ ನನ್ನ ಗಾಡೀನೇ ಬೇಕಾ ಮುದುಕಾ ಎಂದ, ದಾದಾ ಮನೆಗೆ ಬಂದು ಕೋಲನ್ನು ಮೂಲೆಗೆ ಒರಗಿಸಿದವನು ಮತ್ತೆ ಮುಟ್ಟಲಿಲ್ಲ, ಆ ದಿನವೇ ಸತ್ತದ್ದು ಅವನು, ಇವತ್ತಲ್ಲ, ಇವತ್ತು ಉಸಿರು ನಿಂತಿತು ಅಷ್ಟೇ.

ಹೇಳು ದಿಲ್ಮುರೋದ್, ಹೆಣಕ್ಕೆ ಎಷ್ಟು ಕಾರು, ತಾಬೂತಿನ ಗುಂಡಿ ಎಲ್ಲಿ — ಹೆಗಲು ಸೋತು ಬಂತು, ಹಿಂದಿನಿಂದ ಕೋಬಿಲ್ ಏದುಸಿರು ಬಿಡುತ್ತಿದ್ದಾನೆ, ಇಳಿಸೋಣ ಉಕಾ, ಒಂದು ನಿಮಿಷ ಕೆಳಗಿಡೋಣ, ಇಡಬೇಡ! ಇಟ್ಟರೆ ನೋಡು! ಎಂದು ತನ್ನದೇ ಗಂಟಲು ಚೀರಿದ್ದನ್ನು ಶೋಕಿರ್ ಕೇಳಿಸಿಕೊಂಡ, ಅಷ್ಟರಲ್ಲಿ ಕಾಲು ಬೇಲಿಯ ಮೇಲಿತ್ತು, ಎತ್ತಿ, ಎತ್ತಿ ಅಂದೆ, ಮಸೀದಿಯ ಮುದುಕರೆಲ್ಲ ಕೈ ಜೋಡಿಸಿದರು, ದಾದಾ ಬೇಲಿಯ ಮೇಲೆ ತೇಲಿ ಬಂದ, ಇಷ್ಟು ಹಗುರವೇ ನೀನು, ಶೋಕಿರ್ ಟಾರಿಗೆ ಧುಮುಕಿದ, ಬ್ರೇಕು ಕಿರುಚಿತು, ಸುಟ್ಟ ರಬ್ಬರಿನ ವಾಸನೆ, ಪೊಲೀಸಿನವನ ಸೀಟಿ, ಏಯ್ ಎಲ್ಲಿಗ್ರೋ, ಹಿಂದೆ ಹೋಗಿ, ಹಸಿರಿದೆ ಅವರಿಗೆ! ಇರಲಿ ಹಸಿರು, ಬಾರಿಸಿ ಹಾರ್ನ್, ಒಬ್ಬ ಬಾರಿಸಲಿ, ಒಬ್ಬನೇ ಒಬ್ಬ, ಅವನ ಗಾಜನ್ನು ತಲೆಯಿಂದ ಒಡೆಯುತ್ತೇನೆ, ಬೆಳಿಗ್ಗೆಯಿಂದ ಅಳದೆ ಕೂಡಿಟ್ಟದ್ದು ಇದಕ್ಕೇ, ಬಾಯಿ ತೆರೆದೇ ಇಟ್ಟಿದ್ದ, ಬೈಗುಳ ನಾಲಿಗೆಯ ತುದಿಯಲ್ಲಿತ್ತು — ಮುಂದಿನ ಬಿಳಿ ಕಾರಿನ ಬಾಗಿಲು ತೆರೆಯಿತು, ದಪ್ಪನೆಯ ಒಬ್ಬ ಇಳಿದ, ಬಾ, ಬಾರೋ, ಆದರೆ ಅವನು ಬೈಯಲಿಲ್ಲ, ಟೊಪ್ಪಿ ಸರಿಮಾಡಿಕೊಂಡು ಓಡಿ ಬಂದು ಕೋಲಿಗೆ ಹೆಗಲು ಕೊಟ್ಟ, ದಾರಿಯಲ್ಲಿ ತಾಬೂತು ಕಂಡವನು ಗುರುತಿರಲಿ ಬಿಡಲಿ ನಾಲ್ಕು ಹೆಜ್ಜೆ ಹೊರಬೇಕು, ಪುಣ್ಯ, ಯಾರು ಹೋದದ್ದು ತಮ್ಮ? ಎಂದು ಮೆಲ್ಲಗೆ ಕೇಳಿದ, ಅಪ್ಪನಾ? ದೇವರು ಒಳ್ಳೇದು ಮಾಡ್ಲಿ. ಇನ್ನೊಂದು ಬಾಗಿಲು, ಮತ್ತೊಂದು, ಬಸ್ಸಿನ ಚಾಲಕ ಇಳಿದ, ಲಾರಿಯಿಂದ ಒಬ್ಬ ಹಾರಿದ, ನಾಲ್ಕು ದಿಕ್ಕಿನಿಂದಲೂ ಬಂದರು, ನನಗೊಂದು ಸ್ವಲ್ಪ, ನನಗೂ ಬಿಡ್ರಪ್ಪಾ, ಸೀಟಿ ಊದುತ್ತಿದ್ದವನು ಸೀಟಿಯನ್ನು ಜೇಬಿಗೆ ಹಾಕಿ ಮುಂದಿನ ಕೋಲು ಹಿಡಿದ, ಇವರೇ, ಇವರೇ ಅಲ್ಲವೇ, ಗಾಜು ಇಳಿಸಿದವನೂ ಇದರಲ್ಲೇ ಎಲ್ಲೋ ಇದ್ದಾನೆ, ಮಗನನ್ನು ಮೊಣಕೈಯಿಂದ ತಳ್ಳಿ ಅಪ್ಪನನ್ನು ಹೊರುತ್ತಿದ್ದಾನೆ, ಕೋಲು ಶೋಕಿರನ ಹೆಗಲಿನಿಂದ ಜಾರಿತು, ಇನ್ನೊಬ್ಬನ ಹೆಗಲಿಗೆ ಹೋಯಿತು, ದಾದಾ ತಲೆಗಳ ಮೇಲೆ ಆಚೆ ದಡಕ್ಕೆ ಓಡುತ್ತಿದ್ದಾನೆ, ಒಂದೂ ಹಾರ್ನ್ ಇಲ್ಲ, ಬಾ ಉಕಾ, ಬಾ, ಎಂದು ಕೋಬಿಲ್ ಆಚೆಯಿಂದ ಅಳುತ್ತ ಕರೆಯುತ್ತಿದ್ದಾನೆ, ಶೋಕಿರನ ಕಾಲು ಏಳಲಿಲ್ಲ, ಹೊಡೆಯಲು ಒಬ್ಬನೂ ಉಳಿದಿಲ್ಲ, ಎಲ್ಲರೂ ಒಳ್ಳೆಯವರಾಗಿಬಿಟ್ಟಿದ್ದಾರೆ, ಇಷ್ಟು ಸುಲಭವೇ ನಿಲ್ಲುವುದು, ಇಷ್ಟೇ ಸಾಕಿತ್ತೇ, ಕಾಲು ಬ್ರೇಕಿನ ಮೇಲೆ, ಕೈ ಬಾಗಿಲಿನ ಮೇಲೆ, ಕೋಲೂರಿದ ಒಬ್ಬ ಮುದುಕನಿಗಾಗಿ ಒಂದೇ ಒಂದು ಬಾಗಿಲು — ಚೌಕದ ನಡುವೆ ಅವನೊಬ್ಬನೇ, ಸುತ್ತಲೂ ಬಿಳಿ ಕಾರುಗಳು, ಎಂಜಿನ್ ಗುರುಗುಟ್ಟುತ್ತಿವೆ, ಬಾಗಿಲು ತೆರೆದಿವೆ, ಒಳಗೆ ಯಾರೂ ಇಲ್ಲ, ಹಸಿರು ಬಿತ್ತು, ಬಾಗಿಲು ತೆರೆದಿವೆ, ಕೆಂಪು ಬಿತ್ತು, ತೆರೆದಿವೆ, ತೆರೆದ ಬಾಗಿಲು, ಖಾಲಿ ಸೀಟು, ತೆರೆದ ಬಾಗಿಲು