ಕೈಗೆಟುಕಿದ ಗಾಜು

ಶವಪೆಟ್ಟಿಗೆ ಪಡಸಾಲೆಯ ತಗ್ಗು ಬಾಗಿಲಲ್ಲಿ ಸಿಕ್ಕಿಕೊಂಡಿತು. ಮುಂದಿದ್ದವರು ಎಳೆದರು, ಹಿಂದಿದ್ದವರು ತಳ್ಳಿದರು. ಜಪ್ಪಯ್ಯ ಅಂದರೂ ಅಲುಗಲಿಲ್ಲ.

“ಓರೆ ಮಾಡ್ರೋ, ಓರೆ! ಬಾಗಿಲು ಇಟ್ಟವರು ಗಿಡ್ಡರು, ನಮ್ಮಣ್ಣ ಅಲ್ಲ,” ಎಂದಳು ಸತ್ತವನ ತಂಗಿ.

“ಬದುಕಿದ್ದಾಗಲೂ ಇಷ್ಟೇ, ಯಾರು ಹೇಳಿದ್ರೂ ಬಗ್ತಿರಲಿಲ್ಲ,” ಎಂದ ಅವನ ಜೊತೆಗಾರ ಗಾರೆಯವನು. ಎಷ್ಟು ಕುಡಿದರೂ ನೆಟ್ಟಗೆ ನಿಲ್ಲುತ್ತಿದ್ದದ್ದರಿಂದ ಈ ಜೊತೆಗಾರನಿಗೆ, ಗೋಡೆಯ ನೇರ ನೋಡುವ ತೂಗುಗುಂಡಿನದೇ ಹೆಸರು.

ಪಾದ್ರಿ ಗಡಿಯಾರ ನೋಡಿಕೊಂಡರು. “ಬೇಗ ಮುಗಿಸೋಣ. ಗೋಡೆ ನಂಬೋ ಹಾಗಿಲ್ಲ.”

“ಬಿದ್ರೆ ಬೀಳ್ಲಿ ಬಿಡಿ ಫಾದರ್, ಎಲ್ಲರಿಗೂ ಸೇರಿಸಿ ಒಂದೇ ಪ್ರಾರ್ಥನೆ,” ಎಂದ ತೂಗುಗುಂಡು. ಹೆಂಗಸರು ಸೆರಗಿನಲ್ಲಿ ನಕ್ಕರು.

ಸತ್ತವನ ಹೆಂಡತಿ ನಗಲಿಲ್ಲ. ಮೂವತ್ತು ವರ್ಷಗಳ ಮೇಲೆ ಈ ಹೊಸಿಲು ದಾಟುತ್ತಿದ್ದಳು.

ಈ ಚರ್ಚನ್ನು ಕಟ್ಟಿದವರು ಕಲ್ಲುಗಣಿಯ ಕೆಲಸಗಾರರು, ತಮ್ಮ ಬಿಡುವಿನ ದಿನಗಳಲ್ಲಿ. ಮನೆಗೊಂದು ಕಲ್ಲು, ಕಲ್ಲಿಗೊಂದು ಗುರುತು. ದೊಡ್ಡ ಕಮಾನಿನ ಬುಡದಲ್ಲಿ ಕೋಳಿಹೆಜ್ಜೆಯಂಥ ಗೀರು ಅವಳ ಮುತ್ತಜ್ಜನದು. ಮುಂದೆ ಯಾವುದೋ ಜ್ವರಕ್ಕೆ ಮಕ್ಕಳು ಸಾಲಾಗಿ ಹೋದಾಗ ಉತ್ತರದ ಗೋಡೆ ಒಡೆದು ಈ ತಗ್ಗು ಪಡಸಾಲೆ ಸೇರಿಸಿದರು. ಅಂದಿನಿಂದ ಊರಿನ ಹಸುಗೂಸುಗಳನ್ನೆಲ್ಲ ಮಲಗಿಸುತ್ತಿದ್ದದ್ದು ಇದರ ಹಾಸುಗಲ್ಲಿನ ಕೆಳಗೆ. ಅವಳ ಒಬ್ಬಳೇ ಮಗಳೂ ಇಲ್ಲೇ ಇದ್ದಳು.

ಮಗುವಿನ ಕಲ್ಲಿನ ಪಕ್ಕ ಬೆಳಿಗ್ಗೆಯೇ ಗುಂಡಿ ತೋಡಿದ್ದರು. “ಮಗೂ ಪಕ್ಕ ಹಾಕಿ” ಎಂದೇ ಅವನು ಕಣ್ಣು ಮುಚ್ಚಿದ್ದು. ಇಷ್ಟು ವರ್ಷ ಮುಚ್ಚಿದ್ದ ಈ ಬಾಗಿಲನ್ನು ತನಗಾಗಿ ತೆರೆಸಿಕೊಟ್ಟು ಹೋದರಲ್ಲ ಎಂದು ಅವನ ಪಾದ ಹಿಡಿದು ಅತ್ತಿದ್ದಳು.

*

ಮಗು ಹೋದ ಮೇಲೆ ಅವಳು ದಿನವೂ ಇಲ್ಲಿಗೇ ಬಂದು ಕೂರುತ್ತಿದ್ದಳು. ಒಲೆ ಹಚ್ಚಿದ್ದೂ ಮರೆಯುತ್ತಿತ್ತು, ಹಚ್ಚದಿದ್ದದ್ದೂ ಮರೆಯುತ್ತಿತ್ತು. ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡದ್ದು ಆಗಲೇ. ಊರಿನ ಗೋಡೆಗಳಿಗೆಲ್ಲ ಅವಳ ಗಂಡನೇ ವೈದ್ಯ. ಬಿರುಕಿಗೆ ಅಡ್ಡಲಾಗಿ ಮೇಲಿಂದ ಕೆಳಗಿನವರೆಗೂ ಅಲ್ಲಲ್ಲಿ ಗಾಜಿನ ಪಟ್ಟಿಗಳನ್ನು ಗಚ್ಚಿನಲ್ಲಿ ಅಂಟಿಸಿದ. ಏಣಿ ಹಿಡಿದವಳು ಅವಳೇ.

“ಗೋಡೆ ಕದಲಿದ್ರೆ ಗಾಜು ಬಿರುಕಿನ ಗುಂಟ ಸೀಳುತ್ತೆ,” ಎಂದಿದ್ದ. “ಮೊದಲು ಮೇಲಿಂದು. ಗೋಡೆ ವಾಲೋದು ತಲೆಯಿಂದ.”

ಒಂದು ಸಂಜೆ ಬಂದು, ಚಪ್ಪಲಿ ಬಿಡದೆಯೇ, “ಒಡೀತು ಕಣೇ” ಎಂದ. ಪಟ್ಟಣದಿಂದ ಬಂದ ಚರ್ಚಿನ ಹಿರಿಯರು ಬಾಗಿಲಲ್ಲೇ ನಿಂತು ಇಣುಕಿ, ಗಾರೆ ಕೆಲಸದ ಅವಳ ಗಂಡನ ಮಾತೇ ಪ್ರಮಾಣವೆಂದು ಪಡಸಾಲೆಗೆ ಬೀಗ ಹಾಕಿಸಿದರು. ಬೀಗದ ಕೈ ಅವನ ಸೊಂಟ ಸೇರಿತು. ಅವಳನ್ನು ಒಳಗೆ ಬಿಡಲಿಲ್ಲ.

“ಛಾವಣಿ ನೋಡಿ ಬರ್ತೀನಿ. ಸತ್ರೆ ನಾನೊಬ್ಬ ಸಾಯ್ತೀನಿ, ನೀನ್ಯಾಕೆ?” ಎನ್ನುತ್ತಿದ್ದ ಪ್ರತಿ ಭಾನುವಾರ. ಅವಳು ಹೊರಗೋಡೆಗೆ ಹಣೆ ಒತ್ತಿ ನಿಂತು, ಅವನು ಜೀವಂತ ಬರಲಿ ಎಂದು ಬೇಡಿಕೊಳ್ಳುತ್ತಿದ್ದಳು.

*

ಪಾದ್ರಿ ಓದುತ್ತಿದ್ದರು. ಅವಳ ಕಣ್ಣು ಗೋಡೆ ಹತ್ತಿತು.

ಮೇಲಿನ ಗಾಜುಗಳು ಜೇಡರಬಲೆಯೊಳಗೆ ಹಾಗೇ ಇದ್ದವು. ಒಂದಕ್ಕೂ ಒಂದು ಗೀರಿಲ್ಲ. ಒಡೆದದ್ದು ಗಂಡಸಿನ ಎದೆಮಟ್ಟದಲ್ಲಿದ್ದ ಕೆಳಗಿನದು ಮಾತ್ರ. ಅದೂ ಬಿರುಕಿನ ಗುಂಟ ಸೀಳಿರಲಿಲ್ಲ. ಬಿರುಕಿನಿಂದ ಬೆರಳಗಲ ಆಚೆ ಒಂದು ಚುಕ್ಕೆ, ಅಲ್ಲಿಂದ ಸುತ್ತಲೂ ಕಡ್ಡಿಕಡ್ಡಿಯಾಗಿ ಹರಡಿದ ಗೆರೆಗಳು. ಸುತ್ತಿಗೆಯ ಮೂತಿ ಬಿದ್ದ ಜಾಗ ಗಾರೆಯವನ ಹೆಂಡತಿಗೆ ಗೊತ್ತಾಗದೆ ಇರುತ್ತದೆಯೇ?

ಅವಳು ಕೆಳಗೆ ನೋಡಿದಳು. ಪಡಸಾಲೆಯ ಕಲ್ಲುಗಳ ಮೇಲೆಲ್ಲ ಬೆರಳು ದಪ್ಪದ ಧೂಳು. ಮಗುವಿನ ಕಲ್ಲು ಮಾತ್ರ ಉಜ್ಜಿ ಉಜ್ಜಿ ಮಿನುಗುತ್ತಿತ್ತು. ಪಕ್ಕದಲ್ಲಿ ಮಣೆಯೊಂದಿತ್ತು, ಕೂತು ಕೂತು ನುಣುಪಾದದ್ದು.

“ತೂಗುಗುಂಡಣ್ಣ, ಆ ಗಾಜು ನೋಡು.”

ಅವನು ನೆಲ ನೋಡಿದ.

“ನಿಂಗೆ ಗೊತ್ತಿತ್ತು.”

“ಅತ್ತಿಗೆ, ಈಗ ಬೇಡ…” ಅವನು ಪಿಸುಗುಟ್ಟಿದ. “ನೀವು ಅನ್ನ ನೀರು ಬಿಟ್ಟಿದ್ರಿ. ‘ಈ ಕಲ್ಲು ಅವಳನ್ನೂ ನುಂಗುತ್ತೆ ಕಣೋ, ಬಾಗಿಲು ಹಾಕಿದ್ರೆ ಮನೆಗೆ ಬರ್ತಾಳೆ’ ಅಂದ. ನಿಮ್ಮ ಒಳ್ಳೇದಕ್ಕೇ ಮಾಡಿದ್ದು.”

“ಅವರು ಮಾತ್ರ ಬಂದು ಕೂರ್ತಿದ್ರು.”

“ಅಪ್ಪ ಅಲ್ವಾ ಅತ್ತಿಗೆ.”

“ನಾನ್ಯಾರು?”

ಪಾದ್ರಿಯ ಓದು ನಿಂತಿತು. ಹೊತ್ತವರು ಪೆಟ್ಟಿಗೆಯನ್ನು ಗುಂಡಿಯ ಕಡೆಗೆ ತಿರುಗಿಸುತ್ತಿದ್ದರು.

“ನಿಲ್ಸಿ,” ಎಂದಳು. “ಹೊರಗೆ ತಗೊಂಡು ಹೋಗಿ. ಹೊರಗೆ ಬೇಕಾದಷ್ಟು ಜಾಗ ಇದೆ.”

“ಅಯ್ಯೋ, ತಲೆ ಕೆಟ್ಟಿದೆಯಾ ನಿಂಗೆ?” ನಾದಿನಿ ಅವಳ ರಟ್ಟೆ ಹಿಡಿದಳು. “ಸತ್ತವನ ಕೊನೇ ಮಾತು! ಜನ ಕೇಳಿದ್ರೆ ಏನು ಹೇಳೋದು?”

“ಗೋಡೆ ಬೀಳೋ ಹಾಗಿದೆ ಅಂತ ಹೇಳು.”

ಕೈ ಕೊಡವಿಕೊಂಡು ಮೊಣಕಾಲೂರಿದಳು. ಬೆಳಿಗ್ಗೆ ತೆಗೆದು ರಾಶಿ ಹಾಕಿದ್ದ ಮಣ್ಣನ್ನು ಎರಡೂ ತೋಳುಗಳಿಂದ ಬಾಚಿ ಗುಂಡಿಗೆ ತಳ್ಳತೊಡಗಿದಳು. ಬಳೆಗಳು ಮಣ್ಣು ಮೆತ್ತಿಕೊಂಡು ಸದ್ದು ನಿಲ್ಲಿಸಿದವು. ಹೆಗಲ ಮೇಲೆ ಪೆಟ್ಟಿಗೆ ಹೊತ್ತವರು ಮುಂದೆಯೂ ಹೋಗಲಾರದೆ, ಇಳಿಸಲೂ ಆರದೆ, ಗುಂಡಿ ತುಂಬುವುದನ್ನು ನೋಡುತ್ತ ನಿಂತರು.