ಬೆಂಕಿ ಆರಿದ ಮೇಲೆ ಸತ್ತವನ ಹೆಂಡತಿ

"ಕೂಗೋದಕ್ಕೂ ಬರಲ್ವೇನೇ ಮುಂಡೆ? ಮನೆಗೆ ಬೆಂಕಿ ಬಿದ್ದಿದೆ ಅನ್ಕೊಂಡು ಕೂಗು!"

"ಬಿದ್ದು ಒಂದೂವರೆ ವರ್ಷ ಆಯ್ತಲ್ಲ ಸಾಹೇಬ್ರೆ. ಕೂಗಿ ಕೂಗಿ ಗಂಟಲು ಆಗಲೇ ಒಣಗಿದೆ."

ಅಂಗಳದಲ್ಲಿ ನೀರಿನ ಕೊಳವೆ ಸುತ್ತುತ್ತಿದ್ದವರು ಕಿಸಕ್ಕೆಂದರು. ಸೀಟಿ ಸಾಹೇಬ ತಿರುಗಿ ನೋಡಿದ್ದೇ ತಡ, ಎಲ್ಲರಿಗೂ ಕೊಳವೆಯಲ್ಲಿ ತೂತು ಹುಡುಕುವ ಕೆಲಸ ನೆನಪಾಯಿತು. ಅಗ್ನಿಶಾಮಕ ಕಚೇರಿಯ ಈ ದೊಡ್ಡ ಸಾಹೇಬನ ಕೊರಳಲ್ಲಿ ಸದಾ ಒಂದು ಸೀಟಿ ತೂಗುತ್ತಿತ್ತು. ಸ್ನಾನಕ್ಕೆ ಹೋದಾಗಲೂ ಅದನ್ನು ತೆಗೆಯುವುದಿಲ್ಲವೆಂದು ಇದೇ ಕಚೇರಿಯಲ್ಲಿ ಬೆಂಕಿ ಆರಿಸುವ ಕೆಲಸದಲ್ಲಿದ್ದ ಅವಳ ಗಂಡ ಆಣೆ ಮಾಡಿ ಹೇಳುತ್ತಿದ್ದ.

ವರ್ಷಕ್ಕೊಮ್ಮೆ ದೊಡ್ಡವರನ್ನು ಕರೆಸಿ, ಕಚೇರಿಯ ಮೂರನೆಯ ಮಹಡಿಯಿಂದ ಒಬ್ಬ ಹೆಂಗಸನ್ನು ಕಾಪಾಡಿ ತೋರಿಸುವುದು ವಾಡಿಕೆ. ಇಷ್ಟು ವರ್ಷ ಆ ಹೆಂಗಸು ಹುಲ್ಲು ತುಂಬಿದ ಗೊಂಬೆ. ಈ ಸಲ ಗೊಂಬೆಯ ಹೊಟ್ಟೆಯಲ್ಲಿ ಇಲಿ ಮರಿ ಹಾಕಿತ್ತು. ಹಾಗಾಗಿ ಸಾಹೇಬನ ಕಣ್ಣು ಕಸ ಗುಡಿಸುವವಳ ಮೇಲೆ ಬಿತ್ತು. ಗಂಡ ಸತ್ತ ತಿಂಗಳಿಗೆ ಆ ಗುಡಿಸುವ ಕೆಲಸ ಕೊಟ್ಟವನೂ ಅವನೇ. ಆ ಉಪಕಾರವನ್ನು ಔಷಧಿಯಂತೆ ದಿನಕ್ಕೆರಡು ಸಲ, ಊಟಕ್ಕೆ ಮೊದಲು ಮತ್ತು ಊಟದ ನಂತರ, ಅವಳಿಗೆ ನೆನಪಿಸುತ್ತಿದ್ದ.

ಅವಳಿಗೆ ಬೇಕಾಗಿದ್ದದ್ದು ಉಪಕಾರವಲ್ಲ, ಕಾರ್ಡು. ಕರ್ತವ್ಯದಲ್ಲಿ ಸತ್ತವರ ಹೆಂಡತಿ ಮಕ್ಕಳಿಗೆ ಕೊಡುವ ಕಾರ್ಡು. ಅದಿದ್ದರೆ ಶಾಲೆಯೂ ಬಿಟ್ಟಿ, ಆಸ್ಪತ್ರೆಯೂ ಬಿಟ್ಟಿ. ಮಗಳ ಎರಡೂ ಕಿವಿಗಳು ಸೋರುತ್ತಿದ್ದವು. ಮೇಷ್ಟ್ರು ಹೇಳಿದ್ದು ಕೇಳಿಸದೆ, ಪಕ್ಕದವಳ ಪುಸ್ತಕ ನೋಡಿ ಬರೆದು, ಕಳ್ಳಿ ಅನ್ನಿಸಿಕೊಂಡು ಮನೆಗೆ ಬರುತ್ತಿದ್ದಳು. ಶಸ್ತ್ರಚಿಕಿತ್ಸೆಗೆ ಸೋಮವಾರ ದಿನ ಗೊತ್ತಾಗಿತ್ತು. ಕಾರ್ಡು ತರದಿದ್ದರೆ ಸರದಿ ಮುಂದಿನವರಿಗೆ ಎಂದು ಆಸ್ಪತ್ರೆಯವರು ಹೇಳಿದ್ದರು. ಇವತ್ತು ಶನಿವಾರ.

ಮೂರನೆಯ ಮಹಡಿಯ ಗುಮಾಸ್ತ ನಿನ್ನೆ ತಾನೇ ಬೆರಳಿಗೆ ಎಂಜಲು ಹಚ್ಚಿಕೊಂಡು ಕಡತ ತಿರುವಿದ್ದ.

"ನೋಡಮ್ಮ, ಬೆಂಕಿ ಆರಿದ್ದು ನಾಲ್ಕೂ ಹತ್ತಕ್ಕೆ. ಗೋಡೆ ಬಿದ್ದಿದ್ದು ನಾಲ್ಕೂ ಐವತ್ತಕ್ಕೆ. ನಿನ್ ಗಂಡ ಬೆಂಕೀಲಿ ಸಾಯಲಿಲ್ಲ. ಬೆಂಕಿ ಆರಿದ ಮೇಲೆ ಸತ್ತ."

"ಮತ್ತೆ ಅಲ್ಲೇನ್ ಮಾಡ್ತಿದ್ರು ಅವ್ರು? ಗಾಳಿ ಕುಡಿಯೋಕೆ ಹೋಗಿದ್ರಾ?"

"ಕೊಳವೆ ಸುತ್ತುತಿದ್ದ. ಅದು ಸ್ವಚ್ಛತೆ. ಸ್ವಚ್ಛತೆಗೆ ಕಾರ್ಡ್ ಇಲ್ಲ."

"ಹಾಗಾದ್ರೆ ಬೆಂಕಿ ಬೇಗ ಆರಿಸಿದ್ದೇ ಅವರ ತಪ್ಪು?"

ಗುಮಾಸ್ತ ಸ್ವಲ್ಪ ಯೋಚಿಸಿದ. "ನಲವತ್ತು ನಿಮಿಷ ತಡ ಮಾಡಿದ್ರೆ ಚೆನ್ನಾಗಿತ್ತು" ಎಂದ, ನಿಜವಾದ ಕನಿಕರದಿಂದ. "ಕರ್ತವ್ಯದಲ್ಲೇ ಸತ್ತ ಅಂತ ಸಾಹೇಬರು ಒಂದು ಸಾಲು ಬರೆದು ಸಹಿ ಹಾಕಿದ್ರೆ ನನ್ನದೇನೂ ಅಡ್ಡಿಯಿಲ್ಲ."

ಆ ಒಂದು ಸಾಲಿಗೆ ಸಾಹೇಬ ಒಂದೂವರೆ ವರ್ಷದಿಂದ ಪುರುಸೊತ್ತು ಹುಡುಕುತ್ತಿದ್ದ.

ಅವಳ ಗಂಡ ಯಾವ ಕೆಲಸವನ್ನೂ ಬೇಗ ಮಾಡಿದವನಲ್ಲ. ಮುಖ ಕ್ಷೌರಕ್ಕೆ ಒಂದು ಗಂಟೆ, ಗುಂಡಿ ಹೊಲಿಯುವುದಕ್ಕೆ ಅರ್ಧ ದಿನ. ಜನ್ಮದಲ್ಲಿ ಒಂದೇ ಒಂದು ಸಲ ಚುರುಕಾದನಲ್ಲ ಎಂದು ಮೆಟ್ಟಿಲಿಳಿಯುವಾಗ ಅವಳಿಗೆ ನಗು ಬಂತು.

ಶನಿವಾರ ಹತ್ತು ಗಂಟೆಗೆ ಮುಖ್ಯ ಅತಿಥಿ ಬಂದರು. ಕಿಟಕಿ ದೊಡ್ಡದೆಂದು ಸಿಬ್ಬಂದಿ ಅವಳನ್ನು ಗುಮಾಸ್ತನ ಕೋಣೆಯಲ್ಲೇ ನಿಲ್ಲಿಸಿ, ಕಿಟಕಿಯ ಕಟ್ಟೆಯ ಮೇಲೆ ಬೆಂಕಿ ಬಿದ್ದಂತೆ ಕಾಣಲು ಹೊಗೆಡಬ್ಬಿ ಹಚ್ಚಿಟ್ಟು ಹೋದರು. ಅವಳು ಬಾಗಿಲ ಅಗಳಿ ಹಾಕಿಕೊಂಡಳು. ಯಾಕೆಂದು ಆಗ ಅವಳಿಗೂ ಗೊತ್ತಿರಲಿಲ್ಲ. ಮೇಜಿನ ಮೇಲೆ ಗಂಡನ ಕಡತ ನಿನ್ನೆ ಬಿಟ್ಟಲ್ಲೇ ಬಿದ್ದಿತ್ತು. ಅವನ ಹೆಸರಿನ ಮೇಲೆ ಗುಮಾಸ್ತನ ಚಹಾ ಲೋಟದ ಗುಂಡು ಕಲೆ.

ಆಗ ಕೂಗು ಬಂತು. ಎಲ್ಲಿತ್ತೋ ಏನೋ, ಹೊಟ್ಟೆಯ ಅಡಿಯಿಂದ ಬಂತು. ಕೆಳಗೆ ಜನ ಚಪ್ಪಾಳೆ ತಟ್ಟಿದರು. "ನೋಡಿ ಸಾರ್, ಎಷ್ಟು ಸಹಜವಾಗಿ ಕೂಗ್ತಾಳೆ! ನಾನೇ ಕಲಿಸಿದ್ದು" ಎಂದ ಸಾಹೇಬ ಮೈಕಿನಲ್ಲಿ.

ಏಣಿಯ ತುದಿಯಲ್ಲಿ ಒಂದು ಮುಖ ಮೂಡಿತು. ಗಂಡನ ಜೊತೆಗಾರ. ಗೋಡೆ ಬಿದ್ದ ದಿನ ಗಂಡನ ಮೇಲಿನ ಇಟ್ಟಿಗೆಗಳನ್ನು ಬರಿಗೈಯಿಂದ ತೆಗೆದವನು.

"ಬನ್ನಿ ಅತ್ತಿಗೆ, ಹೆಗಲ ಮೇಲೆ ಬೀಳಿ."

"ಬರಲ್ಲ."

"ಹೆದರ್ಬೇಡಿ, ಗಟ್ಟಿಯಾಗಿ ಹಿಡ್ಕೋತೀನಿ."

"ನಿನ್ ಹೆಗಲಿಗೆ ಹೆದರ್ತೀನೇನೋ? ಕಾರ್ಡ್ ಆಗೋ ತನಕ ಇಳಿಯಲ್ಲ."

"ಅಯ್ಯೋ, ಅಷ್ಟೂ ಜನ ಕತ್ತೆತ್ತಿ ನಿಂತಿದ್ದಾರೆ!"

"ಒಂದೂವರೆ ವರ್ಷ ನಾನು ಕತ್ತು ಬಗ್ಗಿಸಿ ನಿಂತಿದೀನಿ. ಅವರೂ ಸ್ವಲ್ಪ ಎತ್ತಲಿ."

ಕೆಳಗೆ ಸೀಟಿ ಚೀರಿತು. "ಏನೋ ಹರಟೆ ಅಲ್ಲಿ? ಇಳಿಸೋ ಬೇಗ!"

ಜೊತೆಗಾರ ಬೆವರು ಒರೆಸಿಕೊಂಡ. "ಏಣಿ ಹತ್ತಿದ ಮೇಲೆ ನಾವು ಬರಿಗೈಲಿ ಇಳಿಯೋ ಹಾಗಿಲ್ಲ ಅತ್ತಿಗೆ. ನಿಮಗೆ ಗೊತ್ತಲ್ಲ."

ಗೊತ್ತಿತ್ತು. ಒಮ್ಮೆ ಒಳಗೆ ಯಾರೂ ಸಿಗದೆ ಅವಳ ಗಂಡ ಒಂದು ಬೆಕ್ಕನ್ನು ಹೊತ್ತು ಇಳಿದಿದ್ದ. ಕಾಪಾಡಿದ್ದಕ್ಕೆ ಅದು ಮೂಗು ಪರಚಿತ್ತು.

ಅವಳು ಕಡತ ತಂದು ಅವನ ಕೈಗಿಟ್ಟಳು. "ಇಗೋ. ಮೆಲ್ಲಗೆ ಇಳಿಸು. ಇನ್ನೂ ಉಸಿರಾಡ್ತಿದೆ."

ಅವನು ಹೆಸರನ್ನು ಓದಿದ. ಮನುಷ್ಯನನ್ನು ಹೊರುವ ಹಾಗೆಯೇ ಅದನ್ನು ಹೆಗಲಿಗೇರಿಸಿ, ಒಂದು ಕೈಯಿಂದ ಅವುಚಿಕೊಂಡು, ಒಂದೊಂದೇ ಮೆಟ್ಟಿಲು ಇಳಿದ. ನೇರ ವೇದಿಕೆಗೆ ಹೋಗಿ ಮುಖ್ಯ ಅತಿಥಿಯ ಮುಂದೆ ಮಲಗಿಸಿ ಸೆಲ್ಯೂಟ್ ಹೊಡೆದ.

"ಒಬ್ಬನನ್ನ ಇಳಿಸಿದೀನಿ ಸಾರ್. ಇನ್ನೂ ಇಬ್ಬರಿದ್ದಾರೆ."

"ಇಬ್ಬರಾ? ಯಾರು?"

"ಅವನ ಹೆಂಡ್ತಿ, ಮಗಳು ಸಾರ್."

"ಇದೇನ್ರೀ ಇದು?" ಅತಿಥಿ ಸಾಹೇಬನತ್ತ ತಿರುಗಿದರು.

"ಇದೂ ಪ್ರದರ್ಶನವೇ ಸಾರ್. ಕಡತ ರಕ್ಷಣೆ." ಸಾಹೇಬ ಹಲ್ಲು ಕಿರಿದು, ಆಚೆ ಹೊರಳಿ, ಹಲ್ಲು ಕಡಿದ. "ಹತ್ರೋ ಎಲ್ಲಾ! ಜುಟ್ಟು ಹಿಡಿದು ಎಳ್ಕೊಂಡ್ ಬನ್ನಿ ಆ ಬೋಸುಡಿನ!"

ಮೈಕು ಕೈಯಲ್ಲೇ ಇತ್ತು. ಆ ಮಾತು ಅಂಗಳದ ಮೂಲೆ ಮೂಲೆಗೂ ಸ್ವಚ್ಛವಾಗಿ ಕೇಳಿಸಿತು. ಹನ್ನೊಂದು ಮಂದಿ ಸಿಬ್ಬಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಸುತ್ತಿಟ್ಟ ಕೊಳವೆಗಳ ಮೇಲೆ ಆರಾಮಾಗಿ ಕೂತರು. ಸೀಟಿ ಕೂಗಿತು. ಇನ್ನೊಮ್ಮೆ ಕೂಗಿತು. ಒಬ್ಬ ಶೂ ಬಿಚ್ಚಿ ಕಲ್ಲು ಕೊಡವಿದ.

"ಇಳಿಯಮ್ಮಾ ತಾಯಿ, ಸೋಮವಾರ ನೋಡೋಣ!" ಸಾಹೇಬನ ದನಿ ಜೇನಾಯಿತು.

"ಸೋಮವಾರ ನನಗೆ ಆಸ್ಪತ್ರೇಲಿ ಕೆಲಸ ಇದೆ! ಇವತ್ತೇ ನೋಡಿ!"

ಅವಳು ಗುಮಾಸ್ತನ ಕುರ್ಚಿಯನ್ನು ಕಿಟಕಿಗೆ ಎಳೆದು ಕೂತಳು. ಒಂದೂವರೆ ವರ್ಷ ದಿನವೂ ಒರೆಸಿದ ಕುರ್ಚಿ ಇಷ್ಟು ಮೆತ್ತಗಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಹಿಂದೆ ಗುಮಾಸ್ತ ಬಾಗಿಲು ದಬದಬ ಬಡಿದ: "ಅದು ನನ್ ಕುರ್ಚಿ ಕಣಮ್ಮಾ!"

ಕೆಳಗೆ ಅತಿಥಿ ಕಡತದ ಮೊದಲ ಹಾಳೆ ಓದುತ್ತಿದ್ದರು. ಪಕ್ಕದಲ್ಲಿ ಸಾಹೇಬ ಎಲ್ಲ ಜೇಬುಗಳನ್ನೂ ತಡಕುತ್ತಾ ಪೆನ್ನು ಹುಡುಕುತ್ತಿದ್ದ, ಅಥವಾ ಹುಡುಕುವಂತೆ ನಟಿಸುತ್ತಿದ್ದ. ಕಿಟಕಿಯಲ್ಲಿ ಹೊಗೆ ತೆಳುವಾಗುತ್ತಾ ಬಂತು.

ಮೂಲೆಯಲ್ಲಿ ಇನ್ನೊಂದು ಹೊಗೆಡಬ್ಬಿ ಉಳಿದಿತ್ತು. ಅವಳು ಎದ್ದು ಅದನ್ನು ಕಟ್ಟೆಯ ಮೇಲಿಟ್ಟು ಕಡ್ಡಿ ಗೀರಿದಳು.