ಉಪ್ಪು ನೋಡುವ ಕೆಲಸ

ಬಸವರಾಜೇಶ್ವರಿ ನಗುವಾಗ ಸೆರಗಿನ ಅಂಚು ತಾನಾಗಿ ಬಾಯಿಗೆ ಬರುತ್ತಿತ್ತು. ಮೇಲಿನ ಸಾಲಿನಲ್ಲಿ ಎರಡು ಹಲ್ಲು ಒಂದರ ಮೇಲೊಂದು ಏರಿ ಕೂತಿದ್ದವು. ಮದುವೆಯ ಫೋಟೊದಲ್ಲೂ ಅವಳ ತುಟಿ ಬಿಗಿದೇ ಇದೆ. ಭದ್ರಾವತಿಯ ನ್ಯೂಟೌನಿನ ಮನೆಯಲ್ಲಿ ಅವಳು ನಡೆಯುತ್ತಿದ್ದುದೂ ಹೆಜ್ಜೆಯ ಸದ್ದಿಗೆ ಸೆರಗು ಹೊದಿಸಿದವಳಂತೆ. ಯಾರು ಏನು ಕೇಳಿದರೂ ‘ನಂದೇನು ಬಿಡಿ’ ಎಂದು ಮಾತು ಮುಗಿಸುವವಳು. ಅಂಥವಳು, ಮಗಳು ಸೌಂದರ್ಯಳ ಹಲ್ಲಿನ ಕ್ಲಿಪ್ಪು ಬಿಚ್ಚಿಸಲು ಶಿವಮೊಗ್ಗದ ದುರ್ಗಿಗುಡಿಯ ಕ್ಲಿನಿಕ್ಕಿಗೆ ಜೊತೆಗೆ ಹೋದ ದಿನ, ಹಲ್ಲಿನ ಡಾಕ್ಟರ್ ಸಂಧ್ಯಾ ಅವರ ಮುಂದೆ ಕೂತು ‘ನನಗೂ ಹಾಕ್ತೀರಾ ಮೇಡಂ?’ ಎಂದಾಗ ಸೌಂದರ್ಯಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ.

ಐವತ್ತರ ಹತ್ತಿರದ ಹೆಂಗಸು ಬಾಯಿ ತುಂಬ ತಂತಿ ಕಟ್ಟಿಸಿಕೊಂಡು ಬಂದದ್ದಕ್ಕೆ ಮನೆ ದಂಗಾಯಿತು. ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ ಎಂದು ಕೇಳಿದ ಗಂಡ ಶಿವರಾಜ್ ಟೀವಿಯ ಕಡೆ ತಿರುಗಿದ. ನೋವು, ಒಸಡಿನ ಹುಣ್ಣು, ಓಣಿಯವರ ನಗೆ ಎಲ್ಲವನ್ನೂ ಸಹಿಸಿದ ಮೇಲೆ ತಂತಿ ಬಿಚ್ಚಿದರು. ಹಲ್ಲುಗಳು ಸಾಲಾಗಿ ನಿಂತಿದ್ದವು. ಅವು ಮತ್ತೆ ಹಳೆಯ ಜಾಗಕ್ಕೆ ಜಾರದಂತೆ ಹಿಡಿದಿಡಲು ಗಾಜಿನಂತೆ ಹೊಳೆಯುವ ತೆಳು ಪ್ಲಾಸ್ಟಿಕ್ಕಿನ ಅಚ್ಚೊಂದನ್ನು ಕೊಟ್ಟರು. ಅದರ ಹೆಸರು ರಿಟೇನರ್. ತಿನ್ನುವಾಗ, ಬಿಸಿಯದೇನಾದರೂ ಬಾಯಿಗೆ ಬಿಡುವಾಗ ಮಾತ್ರ ತೆಗೆಯಬೇಕು, ತಣ್ಣೀರಲ್ಲಿ ಮೆತ್ತನೆಯ ಬ್ರಶ್ಶಿನಿಂದ ತೊಳೆಯಬೇಕು, ತೆಗೆದರೆ ಡಬ್ಬಿಯಲ್ಲೇ ಇಡಬೇಕು.

ಅವಳು ಡಬ್ಬಿಯಲ್ಲಿಡಲಿಲ್ಲ. ಗಳಿಗೆಗೊಮ್ಮೆ ತೆಗೆಯಬೇಕಾಗುತ್ತಿದ್ದುದರಿಂದ ಒಲೆಯ ಪಕ್ಕದ ಸ್ಟೀಲ್ ಬಟ್ಟಲಲ್ಲಿ ಇಡುತ್ತಿದ್ದಳು. ಬಾಯಿಂದ ಬಂದ ವಸ್ತು ಅಡುಗೆಮನೆಯನ್ನು ಎಂಜಲು ಮಾಡಬಾರದೆಂದು ಅತ್ತೆ ಕಲ್ಲಮ್ಮನವರು ಒಂದು ಬೆಳಿಗ್ಗೆ ಆ ಬಟ್ಟಲಿಗೆ ಕುದಿನೀರು ಸುರಿದರು. ಕಾದೆಣ್ಣೆಗೆ ಬಿದ್ದ ಹಪ್ಪಳದಂತೆ ಅಚ್ಚು ಮುರುಟಿಹೋಯಿತು. ಎಲ್ಲರಿಗಿಂತ ಹೆಚ್ಚು ಬೆದರಿದವರು ಕಲ್ಲಮ್ಮನವರೇ: ‘ಹಾಲಿನ ಪಾತ್ರೆ ತೊಳೆದಂಗೆ ತೊಳೆದೆ ಕಣೆ, ನಂಗೇನು ಗೊತ್ತು.’

ಹೊಸದಕ್ಕೆ ಅಳತೆ ಕೊಡಲು ಹೋದಾಗ ಡಾಕ್ಟರ್ ಕನ್ನಡಿ ಹಿಡಿದು ತೋರಿಸಿದರು. ಒಂದು ಹಲ್ಲು ಆಗಲೇ ಹೊರಳತೊಡಗಿತ್ತು. ಅಮ್ಮ ಗಳಿಗೆಗೊಮ್ಮೆ ಅಚ್ಚು ತೆಗೆಯುವುದನ್ನು ಸೌಂದರ್ಯ ಹೇಳಿಬಿಟ್ಟಳು.

‘ದಿನಕ್ಕೆ ಎಷ್ಟು ಸಲ ತಿಂತೀರಿ?’

‘ಎರಡು ಸಲ.’

‘ಮತ್ತೆ ಅಷ್ಟೊಂದು ಸಲ ಯಾಕೆ ತೆಗೀತೀರಿ?’

‘ಉಪ್ಪು ನೋಡೋಕೆ ಮೇಡಂ. ಅದು ತಿನ್ನೋದಲ್ವಲ್ಲ.’

ಪಕ್ಕದಲ್ಲಿದ್ದ ಸೌಂದರ್ಯ ತಲೆ ತಗ್ಗಿಸಿದಳು. ಅಜ್ಜಿಯ ಸಪ್ಪೆ ಸಾರು, ಅಪ್ಪನ ಖಾರದ ಪಲ್ಯ, ತನ್ನ ಬುತ್ತಿಯ ಚಿತ್ರಾನ್ನ, ಎಲ್ಲವೂ ಅಮ್ಮನ ನಾಲಿಗೆ ದಾಟಿಯೇ ಬರುತ್ತಿದ್ದವು. ಅದನ್ನು ಕೆಲಸವೆಂದು ಮನೆಯಲ್ಲಿ ಯಾರೂ ಎಣಿಸಿರಲಿಲ್ಲ, ಅಮ್ಮನೂ. ಹೀಗೇ ಆದರೆ ಹಲ್ಲು ಮೊದಲಿನಂತಾಗುತ್ತದೆ ಎಂದರು ಡಾಕ್ಟರ್. ಭದ್ರಾವತಿಗೆ ಮರಳುವ ಬಸ್ಸಿನಲ್ಲಿ ಬಸವರಾಜೇಶ್ವರಿ ಹೊರಳಿದ ಹಲ್ಲನ್ನು ನಾಲಿಗೆಯಿಂದ ಮತ್ತೆ ಮತ್ತೆ ಮುಟ್ಟಿ ನೋಡಿದಳು.

ಹೊಸ ಅಚ್ಚು ಬಂದ ವಾರ ಹೊಳೆಹೊನ್ನೂರಿನ ನೆಂಟರು ಊಟಕ್ಕೆ ಬಂದರು. ಹೋಳಿಗೆ ಬಡಿಸಿ, ಅನ್ನಕ್ಕೆ ಸಾರು ಬಿಟ್ಟದ್ದಾಯಿತು. ಮೊದಲ ತುತ್ತಿಗೇ ಎಲ್ಲರ ಕೈ ನಿಂತಿತು. ಶಿವರಾಜ್ ಎದ್ದು ಅಡುಗೆಮನೆಗೆ ಬಂದ.

‘ಸಾರಿಗೆ ಉಪ್ಪೇ ಇಲ್ಲ ಮಾರಾಯ್ತಿ. ನೋಡ್ಲಿಲ್ವಾ?’

‘ನೋಡ್ಲಿಲ್ಲ. ಬಾಯಲ್ಲಿ ಅಚ್ಚಿದೆ. ಇನ್ಮೇಲೆ ನೋಡಲ್ಲ.’ ಉಪ್ಪಿನ ಡಬ್ಬಿಯನ್ನು ಅವನ ಕೈಗಿಟ್ಟಳು. ‘ನೀವೇ ನೋಡಿ ಹಾಕಿ.’

ನೆಂಟರ ಕಿವಿಗೆ ಬಿದ್ದೀತೆಂದು ಅವನು ದನಿ ಎತ್ತಲಿಲ್ಲ. ಒಂದು ಚಮಚ ಹಾಕಿ ಕದಡಿದ, ಅಂಗೈಗೆ ಬಿಟ್ಟುಕೊಂಡು ನೆಕ್ಕಿದ. ಇನ್ನಷ್ಟು ಹಾಕಿದ, ಮತ್ತೆ ನೆಕ್ಕಿದ. ಆಮೇಲೆ ಸೌಟು ಹಿಡಿದೇ ಅವಳ ಕಡೆ ತಿರುಗಿದ.

‘ಸರಿಯಾಯ್ತಾ? ನಂಗೆ ಗೊತ್ತಾಗ್ತಿಲ್ಲ ಕಣೆ.’

ಸೌಂದರ್ಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹೆಚ್ಚಾಯ್ತು, ಕಮ್ಮಿಯಾಯ್ತು ಎಂದು ಇಷ್ಟು ವರ್ಷ ತಟ್ಟೆ ಸರಿಸಿದ ಮನುಷ್ಯನಿಗೆ ಸರಿ ಎಂದರೆ ಎಷ್ಟು ಎಂಬುದೇ ತಿಳಿದಿರಲಿಲ್ಲ. ತಾನಾದರೂ ಹೇಳೋಣವೆಂದು ಒಳಗೆ ಬಂದು ಒಂದು ಹನಿ ನಾಲಿಗೆಗಿಟ್ಟುಕೊಂಡಳು. ಅವಳಿಗೂ ತಿಳಿಯಲಿಲ್ಲ. ಇಬ್ಬರೂ ಬಸವರಾಜೇಶ್ವರಿಯ ಮುಖ ನೋಡಿದರು. ಅವಳು ಅಚ್ಚು ತೆಗೆಯಲಿಲ್ಲ.

ಇಂಥ ಹೆಂಗಸರು ಕೂಗಾಡುವುದಿಲ್ಲ, ಗಂಟು ಕಟ್ಟಿಕೊಂಡು ತವರಿಗೆ ಹೊರಡುವುದಿಲ್ಲ. ತಾವು ಮಾಡುತ್ತ ಬಂದ, ಲೆಕ್ಕಕ್ಕೇ ಸೇರದ ಯಾವುದೋ ಒಂದು ಸಣ್ಣ ಕೆಲಸವನ್ನು ಒಂದು ಮಧ್ಯಾಹ್ನ ನಿಲ್ಲಿಸುತ್ತಾರೆ, ಅಷ್ಟೆ. ಉಣ್ಣುವ ಬಾಯಿ ಅಷ್ಟಿದ್ದ ಮನೆಯಲ್ಲಿ ನಾಲಿಗೆ ಇದ್ದದ್ದು ಒಂದೇ ಎಂಬುದು ಉಳಿದವರಿಗೆ ಆಗ ತಿಳಿಯುತ್ತದೆ.